ಟ್ವೀಟರ್ ಹೋಲಿಕೆ: ರೇಷ್ಮೆ, ಅಲ್ಯೂಮಿನಿಯಂ, ಎಎಂಟಿ, ರಿಬ್ಬನ್

ನಾನೇ ಕಟ್ಟುತ್ತಿರುವ ಸ್ಪೀಕರ್ ಜೋಡಿಯ ಎರಡೂ ಡಬ್ಬಗಳು ಕೊನೆಗೂ ಸಿದ್ಧವಾದವು. 18 ಮಿ.ಮೀ. ಪ್ಲೈವುಡ್, ಎರಡಕ್ಕೂ ಒಂದೇ ಮಾದರಿಯ 6.5 ಇಂಚಿನ ವೂಫರ್ (ಕೆಳಗಿನ ಸ್ವರಗಳನ್ನು ನುಡಿಸುವ ಭಾಗ). ಮುಂದಿನ ಹಲಗೆಯ ಮೇಲಿನ ಭಾಗವನ್ನು ಬೇರೆ ತುಂಡಾಗಿ ಮಾಡಿದ್ದೇನೆ. ಸ್ಕ್ರೂ ಬಿಚ್ಚಿದರೆ ಟ್ವೀಟರ್ (ಮೇಲಿನ ಸ್ವರಗಳನ್ನು ನುಡಿಸುವ ಭಾಗ) ಸಮೇತ ಕೈಗೆ ಬರುತ್ತದೆ. ಬಣ್ಣ ಬಳಿಯುವುದು ಬಾಕಿ. ಯಾವ ಟ್ವೀಟರ್ ಎಂದು ತೀರ್ಮಾನವಾಗದೆ ಅಂತಿಮ ಹಲಗೆ ಕೊರೆಯುವಂತಿಲ್ಲ, ಹಾಗಾಗಿ ಅವಸರವೂ ಇಲ್ಲ.

ಕಣದಲ್ಲಿರುವುದು 28 ಮಿ.ಮೀ. ರೇಷ್ಮೆ ಡೋಮ್ (ಗುಮ್ಮಟದಂಥ ಪೊರೆ), 25 ಮಿ.ಮೀ. ಅಲ್ಯೂಮಿನಿಯಂ ಡೋಮ್, ಒಂದು ಎಎಂಟಿ (ಏರ್ ಮೋಷನ್ ಟ್ರಾನ್ಸ್‌ಫಾರ್ಮರ್), ಒಂದು ಪುಟ್ಟ ರಿಬ್ಬನ್ (ತೆಳು ಲೋಹದ ಪಟ್ಟಿಯದು). ಬೆಂಗಳೂರಿನ ಎಸ್.ಪಿ. ರೋಡಿಗೆ ಕೆಪಾಸಿಟರ್ ತರಲು ಹೋದವನು ಸುಮ್ನೆ ಒಂದು ಪೀಜೋ ಕೂಡ ತಂದೆ. ಅದರ ಕಥೆ ಬೇಗ ಮುಗಿಯಿತು. ಅದರಲ್ಲಿ ಕಾಯಿಲ್ ಇಲ್ಲ, ಮ್ಯಾಗ್ನೆಟ್ ಇಲ್ಲ. ವೋಲ್ಟೇಜ್ ಕೊಟ್ಟರೆ ಬಾಗುವ ಸೆರಾಮಿಕ್ ಬಿಲ್ಲೆ ಅಷ್ಟೇ. ಸ್ವರಗಳನ್ನು ವೂಫರ್‌ಗೂ ಟ್ವೀಟರ್‌ಗೂ ಹಂಚುವ ಕ್ರಾಸೋವರ್ ಇಲ್ಲದೆಯೂ ಓಡುತ್ತದೆ, ಅದಕ್ಕೇ ಸಭೆ-ಸಮಾರಂಭದ ಅಗ್ಗದ ಪಿಎ ಡಬ್ಬಗಳಲ್ಲಿ ಜಾಸ್ತಿ ಕಾಣುತ್ತದೆ. ಯಾವ ಸ್ವರ ಎಷ್ಟು ಜೋರೆಂದು ತೋರಿಸುವ ಗ್ರಾಫ್ ಪೂರ್ತಿ ಏರುಪೇರು. ಒಂದು ಭಜನೆ ಕೇಳಿ ಬಿಚ್ಚಿಟ್ಟೆ.

ಕ್ರಾಸೋವರ್ ಕೆಲಸ ಸದ್ಯಕ್ಕೆ ಡಿಜಿಟಲ್ ಸಂಸ್ಕರಣೆಯ ಪುಟ್ಟ ಪೆಟ್ಟಿಗೆಯಾದ ಮಿನಿಡಿಎಸ್‌ಪಿಯದು. ಹಂಚುವ ಗಡಿ 2,500 ಹರ್ಟ್ಸ್, ಫಿಲ್ಟರ್ ಕಡಿದಾದ ನಾಲ್ಕನೇ ಆರ್ಡರ್ ಲಿಂಕ್‌ವಿಟ್ಜ್-ರೈಲಿ. ಆಂಪ್‌ನಿಂದ ಟ್ವೀಟರ್‌ಗೆ ನೇರ ತಂತಿ ಇರುವುದರಿಂದ ನಡುವೆ 33 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ದೇನೆ. ಆಂಪ್ ಆನ್ ಮಾಡಿದಾಗ ಬರುವ ‘ಧಪ್’ಗೆ ಟ್ವೀಟರ್ ಹೋಗದಿರಲಿ ಎಂದು. ಇದನ್ನು ಮಾತ್ರ ಯಾರೂ ಬಿಡಬೇಡಿ. ರಿಬ್ಬನ್‌ಗೆ 2,500 ಹೊಂದಲಿಲ್ಲ. ಸ್ವಲ್ಪ ಜೋರು ಮಾಡಿದರೆ ಡಿಸ್ಟಾರ್ಷನ್ ಏರುತ್ತಿತ್ತು. ಅದರ ತೆಳು ಫಾಯಿಲ್‌ಗೆ ಕೆಳಗಿನ ಸ್ವರಗಳಿಗೆ ಬೇಕಾದಷ್ಟು ಹಿಂದೆ ಮುಂದೆ ಓಡಾಡಲು ಆಗುವುದಿಲ್ಲ. ಅದನ್ನು 3,500ಕ್ಕೆ ಏರಿಸಿದೆ. ಹಾಗಾಗಿ ರಿಬ್ಬನ್ ಹೋಲಿಕೆ ಪೂರ್ತಿ ಸಮಸಮ ಅಲ್ಲ.

ಕೇಳುವ ಪರೀಕ್ಷೆ ಮೋನೋದಲ್ಲಿ. ಎರಡು ಡಬ್ಬ ಪಕ್ಕಪಕ್ಕ, ಎರಡರಲ್ಲೂ ಬೇರೆ ಬೇರೆ ಟ್ವೀಟರ್, ಮುಂದೆ ಹಳೆಯ ವಾಯಿಲ್ ಸೀರೆಯ ಪರದೆ. ಯಾವುದು ಓಡಬೇಕು ಎಂದು ಲ್ಯಾಪ್‌ಟಾಪ್‌ನಲ್ಲಿ ಒತ್ತುವವಳು ಹೆಂಡತಿ. ಅರ್ಧ ಪರೀಕ್ಷೆ ಆದ ಮೇಲೆ ಡಬ್ಬಗಳ ಜಾಗ ಅದಲುಬದಲು. ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲೇ ತೋರಿಸಿದ್ದರು: ಸ್ಪೀಕರ್ ಕಣ್ಣಿಗೆ ಕಂಡರೆ ಕೇಳುಗರು ಕೊಡುವ ಅಂಕವೇ ಬದಲಾಗುತ್ತದೆ. ನನ್ನ ಕಿವಿಯೇನೂ ಅದಕ್ಕಿಂತ ಮೇಲಲ್ಲ ಅಲ್ವಾ? ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ‘ಶ್’ ಎನ್ನುವ ಸದ್ದು) ಹಾಕಿ ಎಲ್ಲದರ ಸದ್ದನ್ನೂ ಅರ್ಧ ಡೆಸಿಬೆಲ್‌ನೊಳಗೆ ಸರಿ ಮಾಡಿಕೊಂಡೆ. ಇದಿಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿ ಕೇಳಿಸುತ್ತದೆ, ಗೆಲ್ಲುತ್ತದೆ.

ಮೊದಲು ಡೋಮ್‌ಗಳ ಜೋಡಿ. ಲೋಹ ಎಂದರೆ ಕಿವಿಗೆ ಚುಚ್ಚುತ್ತದೆ, ರೇಷ್ಮೆ ಎಂದರೆ ನಯ ಎಂದು ಎಲ್ಲರೂ ಹೇಳುತ್ತಾರೆ. ಮೊದಲ ಸುತ್ತಿನಲ್ಲಿ ಹಾಗೇ ಅನ್ನಿಸಿತು. ಗಾಯಕಿಯ ‘ಸ’, ‘ಶ’ ಅಲ್ಯೂಮಿನಿಯಂನಲ್ಲಿ ಮುಂದೆ ಬಂದವು, ಮೋರ್ಸಿಂಗ್ ಜಾಸ್ತಿ ಚುರುಕು. ಆಮೇಲೆ ಅಳತೆ ನೋಡಿದರೆ 6 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ ಅದು ಸುಮಾರು 2 ಡೆಸಿಬೆಲ್ ಎತ್ತರದಲ್ಲಿತ್ತು. ಅಷ್ಟನ್ನು ಇಕ್ಯೂನಲ್ಲಿ (ಈಕ್ವಲೈಜರ್) ಇಳಿಸಿ ಮತ್ತೆ ಪರದೆ ಎಳೆದೆ. ಈ ಬಾರಿ ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ. ಲೋಹದ ಡೋಮ್‌ಗೆ ಒಂದು ತೀಕ್ಷ್ಣ ರೆಸೊನೆನ್ಸ್ (ತಾನಾಗಿ ಮೊಳಗುವ ಸ್ವರ) ಇರುವುದು ನಿಜ. ಆದರೆ ಈ ಅಳತೆಯ ಅಲ್ಯೂಮಿನಿಯಂನಲ್ಲಿ ಅದು 25 ಕಿಲೋಹರ್ಟ್ಸ್ ಆಸುಪಾಸು. ನನ್ನ ಕಿವಿ 14ಕ್ಕೇ ನಿಲ್ಲುತ್ತದೆ. ಬೀದಿ ನಾಯಿಗೆ ಕೇಳಿಸೀತು.

ಎಎಂಟಿ ವಿಷಯ ಬೇರೆ. ಜರ್ಮನಿಯ ಭೌತವಿಜ್ಞಾನಿ ಓಸ್ಕರ್ ಹೈಲ್ ಕಂಡುಹಿಡಿದ ಬಗೆ ಇದು, 1970ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಮಡಿಕೆ ಮಡಿಕೆಯಾದ ತೆಳು ಹಾಳೆ, ಅದರ ಮೇಲೆ ಲೋಹದ ಪಟ್ಟಿ. ಮಡಿಕೆಗಳು ಹಾರ್ಮೋನಿಯಂ ತಿದಿಯ ಹಾಗೆ ಮುಚ್ಚಿ ತೆರೆದು ಗಾಳಿಯನ್ನು ಹಿಂಡುತ್ತವೆ. ಹಾಳೆ ಸ್ವಲ್ಪ ಅಲ್ಲಾಡಿದರೂ ಗಾಳಿ ಅದಕ್ಕಿಂತ ವೇಗವಾಗಿ ಹೊರಬರುತ್ತದೆ. ಸೋಫಾದಲ್ಲಿ ಕೂತು ಕೇಳಿದಾಗ ಯಕ್ಷಗಾನದ ಚಕ್ರತಾಳ ಡೋಮ್‌ಗಿಂತ ಬಿಡಿಬಿಡಿಯಾಗಿತ್ತು. ಇಕ್ಯೂ ಸರಿ ಮಾಡಿದ ಮೇಲೂ ಈ ವ್ಯತ್ಯಾಸ ಉಳಿಯಿತು. ಪರದೆ ಇದ್ದರೂ ಹೆಚ್ಚಿನ ಸಲ ಗುರುತಿಸಿದೆ.

ಕಾರಣ ಹಾಳೆಯ ವೇಗವೇ? ನನಗೆ ಹಾಗನ್ನಿಸುವುದಿಲ್ಲ. ಎದ್ದು ನಿಂತಾಗ ಗೊತ್ತಾಯಿತು: ಮೇಲಿನ ಸ್ವರಗಳೇ ಮಾಯ. ಇದರ ಬಾಯಿ ಸುಮಾರು 60 ಮಿ.ಮೀ. ಎತ್ತರ. 10 ಕಿಲೋಹರ್ಟ್ಸ್‌ನಲ್ಲಿ ಶಬ್ದದ ಅಲೆ 34 ಮಿ.ಮೀ. ಉದ್ದ. ಬಾಯಿ ಅಲೆಗಿಂತ ದೊಡ್ಡದಾದರೆ ಸದ್ದು ಹರಡುವುದಿಲ್ಲ, ನೇರಕ್ಕೆ ಹೋಗುತ್ತದೆ. ಅಂದರೆ ತಾರಸಿಗೂ ನೆಲಕ್ಕೂ ಕಡಿಮೆ ಬಡಿಯುತ್ತದೆ. ನಮ್ಮ ಹಾಲ್‌ನಲ್ಲಿ ಕೆಳಗೆ ಟೈಲ್ಸ್, ಮೇಲೆ ಬರಿ ಆರ್‌ಸಿಸಿ. ಪ್ರತಿಫಲನ ಕಡಿಮೆಯಾದರೆ ತಾಳ ಸ್ಪಷ್ಟವಾಗಲೇಬೇಕು. ಕಾರ್ಪೆಟ್, ದಪ್ಪ ಪರದೆ ಇರುವ ಕೋಣೆಯಲ್ಲಿ ಇಷ್ಟು ವ್ಯತ್ಯಾಸ ಕೇಳುತ್ತಿರಲಿಲ್ಲ ಎಂದೇ ನನ್ನ ಊಹೆ.

ರಿಬ್ಬನ್ ಕೂಡ ಇದೇ ಜಾತಿ: ಮೇಲೆ ಕೆಳಗೆ ಕಿರಿದು, ಅಕ್ಕಪಕ್ಕ ಅಗಲ. ವೀಣೆಯ ಮೀಟು ಬಹಳ ಹಿಡಿಸಿತು. ಆದರೆ 2,500ರಿಂದ 3,500ರವರೆಗೆ ವೂಫರ್ ದುಡಿಯಬೇಕಾದ್ದರಿಂದ ದನಿ ಕೊಂಚ ಮಂಕಾಯಿತು. ಇದಕ್ಕೆ ಇನ್ನೂ ಚಿಕ್ಕ ವೂಫರ್ ಬೇಕು. ಮುಂದಿನ ಯೋಜನೆಗೆ ಎತ್ತಿಟ್ಟೆ.

ಹಾಗಾದರೆ ಎಎಂಟಿ ಆಯ್ಕೆಯೇ? ಅಲ್ಲ. ನಮ್ಮ ಮನೆಯಲ್ಲಿ ಅಮ್ಮ ಕುರ್ಚಿಯಲ್ಲಿ, ಮಕ್ಕಳು ನೆಲದ ಮೇಲೆ, ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುವುದು. ಒಂದೇ ಎತ್ತರದಲ್ಲಿ ಕೂತು ಕೇಳುವವರು ಯಾರೂ ಇಲ್ಲ. ರೇಷ್ಮೆ ಡೋಮನ್ನೇ ಇಟ್ಟುಕೊಂಡು ಅದರ ಸುತ್ತ ತುತ್ತೂರಿ ಬಾಯಿಯಂಥ ವೇವ್‌ಗೈಡ್ ಕೂರಿಸುತ್ತೇನೆ. ಡೋಮ್ ಕೆಳಗಿನ ತುದಿಯಲ್ಲಿ ಎಲ್ಲ ಕಡೆ ಹರಡುವುದನ್ನು ಅದು ಬಿಗಿ ಮಾಡುತ್ತದೆ, 6.5 ಇಂಚಿನ ವೂಫರ್ ಜೊತೆ ಹೊಂದಿಕೆ ಚೆನ್ನಾಗುತ್ತದೆ. ತ್ರೀಡಿ ಪ್ರಿಂಟ್‌ಗೆ ಫೈಲ್ ಕೊಟ್ಟಾಗಿದೆ.

ಅದು ಬಂದ ಮೇಲೆ ಮತ್ತೆ ಅಳತೆ, ಆಮೇಲೆ ಡಿಎಸ್‌ಪಿ ತೆಗೆದು ಕಾಯಿಲ್, ಕೆಪಾಸಿಟರ್‌ಗಳ ಪ್ಯಾಸಿವ್ ಕ್ರಾಸೋವರ್. ಏರ್‌ಕೋರ್ (ಒಳಗೆ ಕಬ್ಬಿಣವಿಲ್ಲದ) ಕಾಯಿಲ್‌ಗಳನ್ನು ನಾನೇ ಸುತ್ತಬೇಕೋ, ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸಬೇಕೋ ಇನ್ನೂ ನೋಡಬೇಕು.