ಅಮ್ಮನ ಲ್ಯಾಪ್‌ಟಾಪ್ ಬೂಟ್ ಆಗುವಾಗ ಸುರಿಯೋ ಮೆಸೇಜು: ಇಲ್ಲಿವರೆಗೆ ಆಗಿರೋದು

ಹಳೇ ಲ್ಯಾಪ್‌ಟಾಪ್‌ಗೆ ಡೆಬಿಯನ್ 12 ಅನ್ನೋ ಲಿನಕ್ಸ್ ಹಾಕಿ ಅಮ್ಮಂಗೆ ಕೊಟ್ಟಿದ್ದೀನಿ, ಕೆಲಸ ಎಲ್ಲಾ ಚೆನ್ನಾಗೇ ನಡೀತಿದೆ, ಆದ್ರೆ ಆನ್ ಮಾಡ್ದಾಗೆಲ್ಲ ಕಪ್ಪು ಸ್ಕ್ರೀನ್ ಮೇಲೆ ಬಿಳಿ ಅಕ್ಷರ ಸುರಿಯೋದು ನೋಡಿ "ಲೋ, ಮತ್ತೆ ಕೆಟ್ಟೋಯ್ತು ಕಣೋ ಇದು" ಅಂತ ಫೋನು. ತಪ್ಪು ನಂದೇ. ಡೆಬಿಯನ್ ಇನ್‌ಸ್ಟಾಲ್ ಆಗುವಾಗ ಬೂಟ್ ಮೆಸೇಜುಗಳನ್ನ ಸುಮ್ಮನಿರಿಸೋ ಕ್ವಯಟ್ ಅನ್ನೋ ಕರ್ನಲ್ (ಲಿನಕ್ಸ್‌ನ ತಿರುಳು) ಆಪ್ಷನ್ ತಾನಾಗೇ ಬಂದಿರುತ್ತೆ, ಯಾವಾಗ್ಲೋ ವೈಫೈ ತೊಂದ್ರೆ ಹುಡುಕೋಕೆ ಅಂತ ಅದನ್ನ ತೆಗೆದೋನು ವಾಪಸ್ ಹಾಕೋದನ್ನೇ ಮರ್ತಿದ್ದೆ.

ಶನಿವಾರ ಊರಿಗೆ ಬಂದೆ, ಕೂತೆ. ಮೊದಲು ಗ್ರಬ್ (ಆನ್ ಮಾಡ್ದಾಗ ಲಿನಕ್ಸ್‌ನ ಶುರು ಮಾಡೋ ಪ್ರೋಗ್ರಾಂ) ಸೆಟ್ಟಿಂಗ್ ಫೈಲಲ್ಲಿ ಕ್ವಯಟ್ ವಾಪಸ್ ಹಾಕ್ದೆ, ರೀಬೂಟ್ ಮಾಡಿದ್ರೆ ಏನೂ ಬದಲಾಗಿಲ್ಲ, ಇನ್ನೊಂದ್ಸಲ ಮಾಡಿದ್ರೂ ಅಷ್ಟೇ, ಆಮೇಲೆ ನೆನಪಾಯ್ತು ಅಪ್‌ಡೇಟ್-ಗ್ರಬ್ ಅನ್ನೋ, ಬದಲಾವಣೆ ಜಾರಿ ಮಾಡೋ ಕಮಾಂಡ್ ಓಡಿಸೇ ಇಲ್ಲ ಅಂತ. ಹತ್ತು ವರ್ಷದಿಂದ ಲಿನಕ್ಸ್ ಬಳಸ್ತಿದ್ದೀನಿ ಅಂತ ಹೇಳ್ಕೊಳೋದು ಬೇರೆ.

ಅದಾದ್ಮೇಲೆ ನೂರಾರು ಸಾಲು ಹೋಗಿ ಏಳೆಂಟು ಉಳಿದ್ವು. ಯಾಕೆ ಉಳೀತು ಅಂದ್ರೆ, ಕರ್ನಲ್ ಮೆಸೇಜ್‌ಗಳಿಗೆ 0 ಇಂದ 7ರವರೆಗೆ ಲೆವೆಲ್ ಇದೆ, ನಂಬರ್ ಚಿಕ್ಕದಾದಷ್ಟೂ ಸೀರಿಯಸ್ಸು. ಕ್ವಯಟ್ ಹಾಕಿದ್ರೆ ಲಾಗ್‌ಲೆವೆಲ್ 4ಕ್ಕೆ ಇಳಿಯುತ್ತೆ, 4ಕ್ಕಿಂತ ಕಡಿಮೆ ಇರೋದು ಮಾತ್ರ ಸ್ಕ್ರೀನ್‌ಗೆ ಬರುತ್ತೆ. 3 ಅಂದ್ರೆ ಎರರ್, ಸೋ ಎರರ್‌ಗಳೆಲ್ಲ ಕಾಣಿಸ್ತವೆ. ಲಾಗ್‌ಲೆವೆಲ್=3 ಅಂತ ಹಾಕಿದ್ರೆ ಅವೂ ಮಾಯ, ಐದು ನಿಮಿಷದಲ್ಲಿ ಕೆಲಸ ಮುಗೀತು ಅಂತ ಹಂಗೇ ಮಾಡೋಕೆ ಹೊರಟಿದ್ದೆ, ಅಷ್ಟರಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು.

ಸಸ್ಪೆಂಡ್/ರೆಸ್ಯೂಮ್ ಡಿವೈಸ್‌ಗೆ (ಹೈಬರ್ನೇಟ್ ಮಾಡ್ದಾಗ ಮೆಮೊರಿಲಿ ಇದ್ದಿದ್ದನ್ನ ಉಳಿಸಿಡೋ ಡಿಸ್ಕ್ ಜಾಗ) ಕಾದು ಕಾದು ಕೈಬಿಟ್ಟೆ ಅಂತ ಹೇಳೋ ಸಾಲು. ಇದು ಬರೋಕೆ ಮುಂಚೆ ಸ್ಕ್ರೀನ್ ಸುಮಾರು ಅರ್ಧ ನಿಮಿಷ ಸುಮ್ನೆ ನಿಂತಿರುತ್ತೆ. ಮೊದಲು ಆ ಅರ್ಧ ನಿಮಿಷದಲ್ಲೂ ಏನೋ ಒಂದು ಸಾಲು ಮತ್ತೆ ಮತ್ತೆ ಓಡ್ತಿತ್ತಲ್ಲ, ಪಾಪ ಹಳೇ ಮಷೀನು, ನಿಧಾನ ಇರುತ್ತೆ ಅಂದ್ಕೊಂಡು ಬಿಟ್ಟಿದ್ದೆ. ಆಗಿದ್ದೇನು ಅಂದ್ರೆ ಎಸ್‌ಎಸ್‌ಡಿ ಹಾಕುವಾಗ ಸ್ವ್ಯಾಪ್ ಪಾರ್ಟಿಷನ್ (ಆ ಜಾಗ ಇದೇ) ಹೊಸದಾಗಿ ಮಾಡಿದ್ದೆ, ಅದರ ಯುಯುಐಡಿ, ಅಂದ್ರೆ ಗುರುತಿನ ನಂಬರ್, ಬದಲಾಯ್ತು, ಪಾರ್ಟಿಷನ್‌ಗಳ ಪಟ್ಟಿ ಇರೋ ಎಫ್‌ಎಸ್‌ಟ್ಯಾಬ್‌ನಲ್ಲಿ ಸರಿ ಮಾಡ್ದೆ, ಆದ್ರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಶುರುವಲ್ಲಿ ಓಡೋ ಪುಟ್ಟ ಸಿಸ್ಟಮ್) ಕಡೆ ರೆಸ್ಯೂಮ್ ಅಂತ ಇನ್ನೊಂದು ಪುಟಾಣಿ ಫೈಲ್ ಇದೆ, ಅಲ್ಲಿ ಹಳೇ ಯುಯುಐಡಿನೇ ಇತ್ತು. ಇಲ್ಲದಿರೋ ಪಾರ್ಟಿಷನ್‌ಗೋಸ್ಕರ ಪ್ರತಿ ಬೂಟ್‌ಗೂ 30 ಸೆಕೆಂಡ್ ಕಾಯ್ತಾ ಕೂತಿತ್ತು. ಅಮ್ಮ ಹೈಬರ್ನೇಟ್ ಅಂತೂ ಮಾಡಲ್ಲ, ರೆಸ್ಯೂಮ್=ನನ್ ಅಂತ ಬರೆದು ಇನಿಟ್‌ರಾಮ್‌ಎಫ್‌ಎಸ್ ಅಪ್‌ಡೇಟ್ ಮಾಡ್ದೆ. ಸಿಸ್ಟಮ್‌ಡಿ-ಅನಲೈಜ್ (ಬೂಟ್‌ಗೆ ಎಷ್ಟು ಹೊತ್ತು ಹಿಡೀತು ಅಂತ ಹೇಳೋ ಕಮಾಂಡ್) ಲೆಕ್ಕದಲ್ಲಿ ಕರ್ನಲ್ ಟೈಮ್ 36 ಸೆಕೆಂಡ್ ಇದ್ದಿದ್ದು 5ಕ್ಕೆ ಬಂತು!!

ಲಾಗ್‌ಲೆವೆಲ್ ಪ್ಲಾನ್ ಅಲ್ಲಿಗೇ ನಿಲ್ಲಿಸಿ, ಉಳಿದಿದ್ದನ್ನ ಒಂದೊಂದೇ ನೋಡೋಣ ಅಂತ ಭಾನುವಾರ ಬೆಳಿಗ್ಗೆ ಕಾಫಿ ಹಿಡ್ಕೊಂಡು ಮತ್ತೆ ಕೂತೆ.

ಯೋಯೋ ಅಂತ ಹೆಸರಿರೋ ಫರ್ಮ್‌ವೇರ್ ಫೈಲ್ ಸಿಗ್ತಿಲ್ಲ ಅಂತ ಇಂಟೆಲ್ ವೈಫೈ ಡ್ರೈವರ್ ಗೊಣಗ್ತಿತ್ತು. ಅದು ಡೀಬಗ್ ಫೈಲು, ನಮಗೆ ಬೇಕಾಗೇ ಇಲ್ಲ. ಮಾಡ್‌ಪ್ರೋಬ್ ಕಾನ್ಫಿಗ್‌ನಲ್ಲಿ ಆ ಡ್ರೈವರ್‌ಗೆ ಎನೇಬಲ್_ಐಎನ್‌ಐ=0 ಕೊಟ್ಟೆ, ಸುಮ್ನಾಯ್ತು. ಇನ್ನು ಎಸಿಪಿಐ ಬಯೋಸ್ (ಮದರ್‌ಬೋರ್ಡ್‌ನಲ್ಲೇ ಇರೋ ಸಾಫ್ಟ್‌ವೇರ್) ಎರರ್ ನಾಕು ಸಾಲು, ಬಯೋಸ್ ಟೇಬಲ್‌ನಲ್ಲೇ ಇಲ್ಲದ ಹೆಸರನ್ನ ಅದೇ ಟೇಬಲ್ ಕೇಳ್ತಿದೆ, ಈ ಮಾಡೆಲ್‌ಗೆ ಹೊಸ ಬಯೋಸ್ ಬರೋದೂ ನಿಂತಿದೆ. ನಾನೇನು ಮಾಡೋಕಾಗುತ್ತೆ. ಇದೊಂದಕ್ಕೋಸ್ಕರ ಲಾಗ್‌ಲೆವೆಲ್=3 ಹಾಕ್ದೆ. ಸ್ಕ್ರೀನ್‌ಗೆ ಬರಲ್ಲ ಅಷ್ಟೇ, ಡಿ-ಮೆಸೇಜ್ (dmesg) ಕಮಾಂಡ್ ಕೊಟ್ರೆ ಎಲ್ಲಾ ಒಳಗೇ ಇರುತ್ತೆ.

ಜೊತೆಗೆ ಕರ್ನಲ್ ಆದ್ಮೇಲೆ ಉಳಿದ ಸರ್ವೀಸ್‌ಗಳನ್ನ ಶುರು ಮಾಡೋ ಸಿಸ್ಟಮ್‌ಡಿಯ ಶೋ-ಸ್ಟೇಟಸ್‌ನ ಆಟೋ ಅಂತ ಇಟ್ಟಿದ್ದೀನಿ, ಎಲ್ಲಾ ಸರಿ ಇದ್ರೆ ಬಾಯಿ ಮುಚ್ಕೊಂಡಿರುತ್ತೆ, ಎಲ್ಲಾದ್ರೂ ಸಿಕ್ಕಾಕೊಂಡು ತಡ ಆದ್ರೆ ತೋರಿಸುತ್ತೆ. ಕ್ವಯಟ್, ಲಾಗ್‌ಲೆವೆಲ್, ಶೋ-ಸ್ಟೇಟಸ್ ಇವೆಲ್ಲ ಗ್ರಬ್ ಫೈಲಲ್ಲಿ ಡೀಫಾಲ್ಟ್ ಅಂತ ಕೊನೆಗೊಳ್ಳೋ ಸಾಲಿಗೇ ಹಾಕಿ, ಆಗ ರಿಕವರಿ ಮೋಡ್‌ಗೆ ಇವು ಅಂಟಲ್ಲ, ಅಲ್ಲಿ ಮೊದಲಿನ ಥರಾನೇ ಎಲ್ಲಾ ಸುರಿಯುತ್ತೆ.

ಸ್ಪ್ಲ್ಯಾಷ್ ಚಿತ್ರ ಬೇಡ ಅಂತ ಬಿಟ್ಟೆ, ಎಲ್ಲದರ ಮೇಲೂ ಪರದೆ ಎಳೆಯೋದು ನಂಗೆ ಇಷ್ಟ ಆಗ್ಲಿಲ್ಲ. ಗ್ರಬ್ ತೋರಿಸೋ ಲೋಡಿಂಗ್ ಲಿನಕ್ಸ್ ಸಾಲುಗಳನ್ನೂ ಮುಟ್ಟಿಲ್ಲ, ಆ ಸ್ಕ್ರಿಪ್ಟ್ ತಿದ್ದಿದ್ರೆ ಮುಂದಿನ ಗ್ರಬ್ ಅಪ್‌ಗ್ರೇಡ್‌ನಲ್ಲಿ ನಿನ್ ಫೈಲ್ ಇಟ್ಕೋಬೇಕಾ ನಮ್ದಾ ಅಂತ ಕೇಳುತ್ತೆ, ಅದಕ್ಕೂ ಅಮ್ಮನ ಫೋನ್ ಬರುತ್ತೆ.

ಈಗ ಕೊನೇಲಿ ಉಳಿದಿರೋದು ಎಫ್‌ಎಸ್‌ಸಿಕೆ (ಡಿಸ್ಕ್ ಚೆಕ್ ಮಾಡೋ ಪ್ರೋಗ್ರಾಂ) ಹಾಕೋ ಒಂದು ಸಾಲು, ಡಿಸ್ಕ್ ಕ್ಲೀನ್, ಇಷ್ಟು ಫೈಲು ಇಷ್ಟು ಬ್ಲಾಕು ಅಂತ. ಅದನ್ನೂ ತೆಗೀಲಾ ಅಂತ ಕೇಳಿದ್ದಕ್ಕೆ ಅಮ್ಮ ಕನ್ನಡಕ ಏರಿಸ್ಕೊಂಡು ಓದಿ, "ಕ್ಲೀನ್ ಅಂತ ತಾನೇ ಬರ್ದಿರೋದು, ಇರ್ಲಿ ಬಿಡು" ಅಂದ್ರು.