ಕಬಡ್ಡಿ ರೈಡರ್‌ನ ಬಲಗಾಲಿನ ಉಳುಕು: ಮೊದಲ ದಿನದಿಂದ 44ನೇ ದಿನದವರೆಗೆ

ಆಟಗಾರನಿಗೆ 20 ವರ್ಷ, ಬಲಗಾಲಿನ ರೈಡರ್. ಬೋನಸ್ ಗೆರೆ ಮುಟ್ಟಿ ಹಿಂದಕ್ಕೆ ತಿರುಗುವಾಗ ಮ್ಯಾಟ್‌ನ ಸಡಿಲ ಜೋಡಣೆಗೆ ಬೆರಳು ಸಿಕ್ಕಿ ಪಾದ ಒಳಕ್ಕೆ ಮಡಚಿತು.

ಮೊದಲ ದಿನ
ಐಸ್ ಇಡುವ ಮೊದಲು ಮೂಳೆ ಮುರಿದಿದೆಯೇ ಎಂದು ನೋಡಬೇಕು. ಇದಕ್ಕೆ ಒಟ್ಟಾವಾ ನಿಯಮ (ಯಾರಿಗೆ ಎಕ್ಸ್‌ರೇ ಬೇಕೆಂದು ಒತ್ತಿ, ನಡೆಸಿ ನೋಡುವ ಕ್ರಮ) ಸಾಕು. ಹರಡಿನ ಒಳಗಂಟು, ಹೊರಗಂಟುಗಳ ತುದಿ ಮತ್ತು ಹಿಂಬದಿಯ ಅಂಚನ್ನು 6 ಸೆಂ.ಮೀ. ಮೇಲಿನವರೆಗೆ ಒತ್ತಿದೆವು. ಕಿರುಬೆರಳಿನ ಸಾಲಿನಲ್ಲಿ ಪಾದದ ಹೊರ ಅಂಚಿಗೆ ಸಿಗುವ ಉಬ್ಬನ್ನೂ, ಪಾದದ ಕಮಾನಿನ ಮೇಲ್ಗಡೆಯ ಎಲುಬನ್ನೂ ಒತ್ತಿ ನೋಡಿದೆವು. ಎಲ್ಲೂ ಎಲುಬಿನ ಮೇಲೆ ನೋವಿಲ್ಲ. ಕುಂಟಿಕೊಂಡೇ ಆದರೂ ನಾಲ್ಕು ಹೆಜ್ಜೆ ನಡೆದ. ಇವುಗಳಲ್ಲಿ ಒಂದು ತಪ್ಪಿದ್ದರೂ ಎಕ್ಸ್‌ರೇಗೆ ಕಳಿಸುತ್ತಿದ್ದೆವು. ಮೀನಖಂಡದ ನಡುವೆ ಎರಡೂ ಎಲುಬುಗಳನ್ನು ಹಿಸುಕಿದಾಗ ಕೆಳಗೆ ಹರಡಿನಲ್ಲಿ ನೋವು ಬರಲಿಲ್ಲ. ಬಂದಿದ್ದರೆ ಅದು ಮೇಲಿನ ಲಿಗಮೆಂಟ್‌ನ (ಎಲುಬುಗಳನ್ನು ಜೋಡಿಸುವ ಪಟ್ಟಿಯ) ಪೆಟ್ಟು. ಅದು ವಾಸಿಯಾಗಲು ಇನ್ನೂ ಹೆಚ್ಚು ಕಾಲ ಬೇಕು. ಇಲ್ಲಿ ನೋವು ಇದ್ದದ್ದು ಹೊರಗಂಟಿನ ಮುಂದೆ, ಸ್ವಲ್ಪ ಕೆಳಗೆ. ಪಾದ ಒಳಕ್ಕೆ ಮಡಚಿದಾಗ ಮೊದಲು ಪೆಟ್ಟು ತಿನ್ನುವ ಲಿಗಮೆಂಟ್ ಇರುವುದು ಅಲ್ಲೇ.

ಪುಡಿ ಮಾಡಿದ ಐಸನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, 15 ನಿಮಿಷದಂತೆ ಎರಡು-ಮೂರು ಗಂಟೆಗೊಮ್ಮೆ ಇಟ್ಟದ್ದಾಯಿತು. 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಮೇಲಕ್ಕೆ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ ಸುತ್ತಬೇಕು. ಉಗುರು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ ಬಿಗಿ ಹೆಚ್ಚಾಗಿದೆ ಎಂದರ್ಥ. ಬಿಸಿ ಎಣ್ಣೆ ಹಚ್ಚಿ ಉಜ್ಜಿಸುವುದು, ‘ಉಳುಕು ತೆಗೆಯಲು’ ಪಾದ ಎಳೆಸುವುದು ಹಳ್ಳಿಯ ತಂಡಗಳಲ್ಲಿ ಇನ್ನೂ ನಡೆಯುತ್ತಿದೆ. ದಯವಿಟ್ಟು ಬೇಡ. ಅರೆಬರೆ ಹರಿದ ಎಳೆಗಳನ್ನು ಎಳೆದರೆ ಅವು ಇನ್ನಷ್ಟು ಹರಿಯುತ್ತವೆ.

5ನೇ ದಿನ
ಲಿಗಮೆಂಟ್ ಎಷ್ಟು ಸಡಿಲವಾಗಿದೆ ಎಂಬ ಪರೀಕ್ಷೆಯನ್ನು ಬೇಕೆಂದೇ ಇಂದಿಗೆ ಇಟ್ಟುಕೊಂಡಿದ್ದೆವು. ಮೊದಲ ದಿನ ಊತ ಮತ್ತು ನೋವಿಗೆ ಸ್ನಾಯುಗಳು ಬಿಗಿದುಕೊಂಡಿರುವುದರಿಂದ ಫಲಿತಾಂಶ ನಂಬುವಂತಿರುವುದಿಲ್ಲ. ಕಣಕಾಲನ್ನು ಹಿಡಿದು ಹಿಮ್ಮಡಿಯನ್ನು ಮುಂದಕ್ಕೆ ಎಳೆದಾಗ ಎಡಗಾಲಿಗಿಂತ ಹೆಚ್ಚು ಜಾರುತ್ತದೆ, ಆದರೆ ಕೊನೆಗೆ ಗಟ್ಟಿಯಾಗಿ ನಿಲ್ಲುತ್ತದೆ. ಪೂರ್ತಿ ಹರಿದಿಲ್ಲ, ಎರಡನೇ ದರ್ಜೆ ಎಂದು ಬರೆದುಕೊಂಡೆವು.

ಹರಡು ಎಷ್ಟು ಬಾಗುತ್ತದೆ ಎಂದು ನೋಡುವ ಗೋಡೆ ಪರೀಕ್ಷೆ: ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಿ, ಹೆಬ್ಬೆರಳಿನಿಂದ ಗೋಡೆಗೆ ಇರುವ ದೂರ ಅಳೆಯುವುದು. ಎಡ 11 ಸೆಂ.ಮೀ., ಬಲ 5.

ಎರಡನೇ ಮತ್ತು ಮೂರನೇ ವಾರ
ರಬ್ಬರ್ ಬ್ಯಾಂಡ್ ಕೊಳ್ಳಬೇಕಿಲ್ಲ, ಹಳೆಯ ಸೈಕಲ್ ಟ್ಯೂಬ್ ಸಾಕು. ಮಂಚದ ಕಾಲಿಗೆ ಕಟ್ಟಿ ಪಾದವನ್ನು ಹೊರಕ್ಕೆ ಎಳೆಯುವುದು, ಮೂರು ಸೆಕೆಂಡು ತೆಗೆದುಕೊಂಡು ನಿಧಾನ ಮರಳಿಸುವುದು. 15ರಂತೆ ಮೂರು ಸುತ್ತು. ಬಹುತೇಕರು ಇಲ್ಲೇ ತಪ್ಪುತ್ತಾರೆ: ಪಾದದ ಬದಲು ಇಡೀ ಕಾಲು ಹೊರಕ್ಕೆ ತಿರುಗಿ, ಕೆಲಸವೆಲ್ಲ ತೊಡೆಯ ಪಾಲಾಗುತ್ತದೆ. ಮಂಡಿಗಳ ನಡುವೆ ಸುತ್ತಿದ ಟವೆಲ್ ಇಟ್ಟು ಬೀಳದಂತೆ ಒತ್ತಿಕೊಂಡರೆ ಸರಿಹೋಗುತ್ತದೆ.

ಜೊತೆಗೆ ಬರಿಗಾಲಲ್ಲಿ ಒಂಟಿಕಾಲಿನ ನಿಲುವು, 30 ಸೆಕೆಂಡಿನಂತೆ ಐದು ಸಲ. ಮೊದಲು ನೆಲದ ಮೇಲೆ, ಆಮೇಲೆ ಮಡಿಚಿದ ಜಮಖಾನದ ಮೇಲೆ, ಕೊನೆಗೆ ಕಣ್ಣು ಮುಚ್ಚಿ. ಇದನ್ನು ಅಲಕ್ಷಿಸುವಂತಿಲ್ಲ. ಬೋನಸ್ ಅಂಕ ಸಿಗಬೇಕಾದರೆ ಮುಂದಿನ ಪಾದ ಗೆರೆ ದಾಟಿದಾಗ ಹಿಂದಿನ ಪಾದ ಗಾಳಿಯಲ್ಲಿರಬೇಕು. ಅಂದರೆ ರೈಡರ್ ನಿಲ್ಲುವುದೇ ಒಂಟಿಕಾಲಲ್ಲಿ, ಅದೂ ತಿರುಗುವ ಮುನ್ನ.

17ನೇ ದಿನ, ಹಿನ್ನಡೆ
ಹಗ್ಗದ ಜಿಗಿತವನ್ನೂ ಅಂಕುಡೊಂಕು ಓಟವನ್ನೂ ಒಂದೇ ದಿನ ಶುರುಮಾಡಿದ್ದು ತಪ್ಪಾಯಿತು. ಮರುದಿನ ಬೆಳಿಗ್ಗೆ ಹರಡು ಮತ್ತು ಪಾದದ ಸುತ್ತ ಎಂಟರ ಆಕಾರದಲ್ಲಿ ದರ್ಜಿ ಟೇಪ್ ಹಿಡಿದರೆ 52 ಇದ್ದದ್ದು 53.2 ಸೆಂ.ಮೀ. ಯಾವುದು ಜಾಸ್ತಿಯಾಯಿತೆಂದು ಹೇಳಲೂ ಆಗದು, ಏಕೆಂದರೆ ಎರಡನ್ನೂ ಒಟ್ಟಿಗೆ ಸೇರಿಸಿದ್ದೆವು. ಎರಡು ದಿನ ಸೈಕಲ್ ಮಾತ್ರ. ನಂತರ ಜಿಗಿತ, ಮೂರು ದಿನ ಬಿಟ್ಟು ಓಟ. ಹತ್ತರಲ್ಲಿ ಮೂರಕ್ಕಿಂತ ಹೆಚ್ಚು ನೋವು ಬಂದರೆ ಅಥವಾ ಬೆಳಿಗ್ಗೆ ಊತ ಕಂಡರೆ ಒಂದು ಹೆಜ್ಜೆ ಹಿಂದಕ್ಕೆ.

28ನೇ ದಿನ
ನೋವಿಲ್ಲ. ಕೋಚ್ ಶನಿವಾರದ ಪಂದ್ಯಕ್ಕೆ ಕೇಳಿದರು. ಅಳತೆಗಳು ಬೇಡವೆಂದವು. ಒಂಟಿಕಾಲಲ್ಲಿ ಹಿಮ್ಮಡಿ ಎತ್ತುವುದು ಎಡ 25, ಬಲ 21. ಗೋಡೆ ಪರೀಕ್ಷೆ 11, 9.5. ಒಂಟಿಕಾಲಲ್ಲಿ ನಿಂತು ಇನ್ನೊಂದು ಪಾದವನ್ನು ಮುಂದಕ್ಕೆ ಚಾಚುವ ದೂರ, ಎಡಗಾಲಲ್ಲಿ ನಿಂತಾಗ 64, ಬಲಗಾಲಲ್ಲಿ 58 ಸೆಂ.ಮೀ.; ವ್ಯತ್ಯಾಸ ನಾಲ್ಕರೊಳಗೆ ಇರಬೇಕು. ಒಂಟಿಕಾಲಿನ ನೆಗೆತ 170, 143 ಸೆಂ.ಮೀ., ಅಂದರೆ ಶೇ. 84, ನಾವು ಇಟ್ಟುಕೊಂಡ ಗುರಿ ಶೇ. 90.

ಐದು ಮತ್ತು ಆರನೇ ವಾರ
ಇನ್ನು ಕೆಲಸ ಅಂಕಣದಲ್ಲೇ. ನಡುಗೆರೆಯಿಂದ ಬಾಕ್ ಗೆರೆ (ರೈಡರ್ ದಾಟಬೇಕಾದ ಗೆರೆ) 3.75 ಮೀಟರ್, ಬೋನಸ್ ಗೆರೆ 4.75. ಬಲಪಾದ ಗೆರೆಯಾಚೆ ಊರಿ, ಎಡಪಾದ ಎತ್ತಿ, ಮೂರು ಸೆಕೆಂಡು ನಿಂತು ತಿರುಗುವುದು, ಎಂಟು ಸಲ. ಎರಡು ದಿನದ ನಂತರ ನಿಲ್ಲದೆ ತಿರುಗುವುದು. ಆಮೇಲೆ ಒಬ್ಬನೇ ಡಿಫೆಂಡರ್, ಅರ್ಧ ಬಲದಲ್ಲಿ ಆಂಕಲ್ ಹೋಲ್ಡ್ (ರೈಡರ್‌ನ ಹರಡು ಹಿಡಿಯುವ ಪಟ್ಟು).

ಟೋ ಟಚ್‌ನಲ್ಲಿ, ಅಂದರೆ ಕಾಲ್ಬೆರಳಿನಿಂದ ಎದುರಾಳಿಯನ್ನು ಮುಟ್ಟುವಾಗ, ಬೆರಳು ಚಾಚಿರುತ್ತದೆ. ಕೀಲು ಅತ್ಯಂತ ಸಡಿಲವಾಗಿರುವ ಭಂಗಿ ಅದೇ. ಆ ಹೊತ್ತಿಗೇ ಡಿಫೆಂಡರ್ ಹಿಡಿದು ತಿರುಚುತ್ತಾನೆ. ಹಿಡಿತ ಬಿದ್ದ ಕೂಡಲೇ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆದುಕೊಂಡರೆ ಪಾದದ ಎಲುಬು ಎರಡು ಗಂಟುಗಳ ನಡುವೆ ಬಿಗಿಯಾಗಿ ಕೂರುತ್ತದೆ. ಇದು ಅಭ್ಯಾಸದಿಂದಲೇ ಬರಬೇಕು. ದಿನಕ್ಕೆ 20 ಸಲ ಮಾಡಿಸಿದೆವು.

ಟೇಪ್ 38 ಮಿ.ಮೀ.ನದು, ಹಿಗ್ಗದ ಬಗೆ. ಹಿಮ್ಮಡಿಯಡಿ ಒಳಗಿನಿಂದ ಹೊರಕ್ಕೆ ಎಳೆದು ಮೂರು ಪಟ್ಟಿ, ಮೇಲೆ ಹಿಮ್ಮಡಿ ಬೀಗ (ಹಿಮ್ಮಡಿ ಅಲುಗದಂತೆ ಸುತ್ತುವ ಪಟ್ಟಿ). ಆಡುತ್ತಾ ಆಡುತ್ತಾ ಬೆವರಿಗೆ ಸಡಿಲವಾಗುತ್ತದೆ, ಆದ್ದರಿಂದ 20 ನಿಮಿಷದ ಮೊದಲರ್ಧ ಮುಗಿದಾಗ ನೋಡಲೇಬೇಕು. ಇಡೀ ಸೀಸನ್‌ಗೆ ಲೇಸ್ ಕಟ್ಟುವ ಬ್ರೇಸ್ ಅಗ್ಗ.

44ನೇ ದಿನ
ಹಿಮ್ಮಡಿ 25, 24. ಗೋಡೆ 11, 10.5. ಚಾಚು 64, 62. ನೆಗೆತ 170, 160, ಶೇ. 94. ಪೂರ್ಣ ಅಭ್ಯಾಸಕ್ಕೆ ಒಪ್ಪಿಗೆ ಕೊಟ್ಟೆವು. ಮೊದಲ ಪಂದ್ಯದಲ್ಲಿ 10 ನಿಮಿಷ ಮಾತ್ರ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಂಭವ ಹೆಚ್ಚು, ಹಾಗಾಗಿ ಸೀಸನ್ ಮುಗಿಯುವವರೆಗೆ ಬ್ರೇಸ್, ವಾರಕ್ಕೆ ಮೂರು ದಿನ ಒಂಟಿಕಾಲಿನ ನಿಲುವು. ಒಂದಕ್ಕೊಂದು ಸಿಕ್ಕಿಸುವ ಹಲ್ಲು ಸವೆದ ನಾಲ್ಕು ಮ್ಯಾಟ್ ತುಂಡುಗಳನ್ನು ತೆಗೆದು ಅಂಕಣದ ಹೊರಗೆ ಹಾಕಿದ್ದೇವೆ. ಮುಂದಿನ ಅಳತೆ 60ನೇ ದಿನ.