ಟವರ್ ಇಲ್ಲದ ಏರ್‌ಪೋರ್ಟು, ನಮ್ಮ ಟೆರೇಸ್ ಮೇಲೆ

ದಾವಣಗೆರೆಲಿ ಏರ್‌ಪೋರ್ಟ್ ಇಲ್ಲ, ಪಕ್ಕದ ಶಿವಮೊಗ್ಗದ್ದು ಓಪನ್ ಆಗಿದ್ದೇ 2023ರಲ್ಲಿ. ಆದ್ರೂ ಪೈಲಟ್ ಆಗ್ಬೇಕು ಅನ್ನೋ ಮಕ್ಕಳು ಇಲ್ಲಿ ಇದಾರೆ, ಅವರಿಗೆ ವಿದ್ಯಾನಗರದ ಮನೇಲೇ ಗ್ರೌಂಡ್ ಕ್ಲಾಸ್ ತಗೊಳ್ಳೋದು ನನ್ನ ಕೆಲಸ. ಟ್ರೈನಿಂಗಿಗೆ ಅಮೆರಿಕಕ್ಕೆ ಹೋಗೋರು ಇರ್ತಾರೆ. ಅಲ್ಲಿ ಜನ ಬಳಸೋ ಏರ್‌ಪೋರ್ಟುಗಳು 5,000 ದಾಟುತ್ವೆ, ಟವರ್ ಇರೋದು ಸುಮಾರು 500ಕ್ಕೆ ಅಷ್ಟೆ. ಮಿಕ್ಕ ಕಡೆ "ಈಗ ನೀನ್ ಇಳಿ" ಅನ್ನೋರು ಯಾರೂ ಇಲ್ಲ, ಎಲ್ಲರೂ ಒಂದೇ ಫ್ರೀಕ್ವೆನ್ಸಿಲಿ ನಾನು ಇಲ್ಲಿದೀನಿ, ಹಿಂಗೆ ಮಾಡ್ತೀನಿ ಅಂತ ಹೇಳ್ಕೊಂಡು, ಕಣ್ಣಲ್ಲಿ ನೋಡ್ಕೊಂಡು ಇಳೀಬೇಕು.

ಇದನ್ನ ಬೋರ್ಡ್ ಮೇಲೆ ಹೇಳಿದ್ರೆ ಎಲ್ಲರಿಗೂ ಅರ್ಥ ಆಯ್ತು ಅನ್ಸುತ್ತೆ, ಅದೇ ಪ್ರಾಬ್ಲಮ್ಮು. ಅದಕ್ಕೆ ಟೆರೇಸ್ ಮೇಲೆ ಸೀಮೆಸುಣ್ಣದಲ್ಲಿ ರನ್‌ವೇ ಬರೆದು, ಡೌನ್‌ವಿಂಡ್ (ರನ್‌ವೇ ಪಕ್ಕದಲ್ಲಿ ಇಳಿಯೋ ದಿಕ್ಕಿಗೆ ಉಲ್ಟಾ ಹಾರೋ ದಾರಿ), ಬೇಸ್ (ಅಲ್ಲಿಂದ ರನ್‌ವೇ ಕಡೆ ಅಡ್ಡ ಬರೋದು), ಫೈನಲ್ (ರನ್‌ವೇಗೆ ನೇರ ಇಳಿಯೋ ದಾರಿ) ಗೆರೆ ಹಾಕಿ, ಒಬ್ಬೊಬ್ಬರಿಗೂ ಒಂದು ಕಾಲ್‌ಸೈನ್, ಅಂದ್ರೆ ರೇಡಿಯೋಲಿ ಹೇಳೋ ವಿಮಾನದ ಹೆಸರು, ಕೊಟ್ಟು ನಡೆಸ್ತೀನಿ, ತಿರುವೆಲ್ಲ ಎಡಕ್ಕೆ, ಪ್ರತಿ ತಿರುವಿಗೂ ಕೂಗಿ ಹೇಳ್ಬೇಕು. ಒಬ್ಬನಿಗೆ ಮಾತ್ರ ಕಿವೀಲಿ ಹೇಳಿರ್ತೀನಿ, ನಿನ್ ರೇಡಿಯೋ ಕೆಟ್ಟಿದೆ, ಬಾಯ್ ಬಿಡಬೇಡ ಅಂತ. ಅಂಥ ಬಹುತೇಕ ಏರ್‌ಪೋರ್ಟುಗಳಲ್ಲಿ ರೇಡಿಯೋ ಕಡ್ಡಾಯ ಅಲ್ಲ, ಹಳೇ ವಿಮಾನದವರು ಸುಮ್ನೆ ಬಂದು ಇಳಿದು ಹೋಗ್ತಾರೆ. ಪ್ರತಿ ಬ್ಯಾಚಲ್ಲೂ ಇದೇ ಕಥೆ: ಮಾತಾಡಿದವರ ಲೆಕ್ಕ ಎಲ್ಲರ ತಲೇಲಿ ಪಕ್ಕಾ ಇರುತ್ತೆ, ಮಾತಾಡದೇ ಇರೋನು ಎದುರಿಗೇ ಬಂದು ನಿಂತ್ರೂ "ಏ, ನೀನೆಲ್ಲಿದ್ದೋ" ಅಂತಾರೆ. ಹಗಲು ಹೊತ್ತು, ಬರೀ ಟೆರೇಸು!

ಆಮೇಲೆ ಇನ್ನೊಬ್ಬಳನ್ನ ಮೆಟ್ಟಿಲ ಕಡೆಯಿಂದ ನೇರ ಫೈನಲ್‌ಗೆ ಓಡಿಸ್ತೀನಿ. "ಸರ್, ನಾನು ಮೂರು ಮೈಲಿಲೇ ಹೇಳಿದ್ನಲ್ಲ" ಅಂತಾಳೆ. ಹೇಳಿದ್ದು ಸರಿನಮ್ಮ, ನೇರ ಬರೋದೂ ತಪ್ಪಲ್ಲ, ಆದ್ರೆ ಹದಡಿ ರೋಡಲ್ಲಿ ಹಾರ್ನ್ ಹೊಡೆದ್ರೆ ದಾರಿ ನಮ್ದೇ ಅನ್ಕೊಂಡು ನುಗ್ತಾರಲ್ಲ, ಆ ತರ ಆಗ್ಬಾರ್ದು ಕಾಲ್ ಅನ್ನೋದು. 2022ರ ಆಗಸ್ಟಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಸೆಸ್ನಾ 152 ಅನ್ನೋ ಪುಟ್ಟ ವಿಮಾನ ಸರ್ಕ್ಯೂಟಲ್ಲಿ, ಅಂದ್ರೆ ರನ್‌ವೇ ಸುತ್ತಿನ ಇದೇ ದಾರೀಲಿ, ಸುತ್ತುತಾ ಇತ್ತು, ದೊಡ್ಡ ಸೆಸ್ನಾ 340 ನೇರ ಬರ್ತಾ ಇತ್ತು, ಸುಮಾರು 180 ನಾಟ್ ಸ್ಪೀಡಲ್ಲಿ, ಅಂದ್ರೆ ಗಂಟೆಗೆ 180 ನಾಟಿಕಲ್ ಮೈಲಿ. 152ಗೆ ಅದು ಕನಸಲ್ಲೂ ಬರದ ಸ್ಪೀಡು. ಇಬ್ಬರೂ ರೇಡಿಯೋಲಿ ಹೇಳ್ತಾನೇ ಇದ್ರು, ನೀನು ಹಿಂದಿಂದ ಜೋರಾಗಿ ಬರ್ತಿದೀಯ, ನಾನು ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರೋದು) ಹೋಗ್ತೀನಿ ಅಂತ 152ನವನು ಹೇಳಿದ್ದೂ ಆಯ್ತು, ಆದ್ರೂ ಡಿಕ್ಕಿ, ಮೂರು ಜನ ಹೋದ್ರು. ಮೂರು ಮೈಲಿ ಅನ್ನೋದು ಆ ಸ್ಪೀಡಲ್ಲಿ ಒಂದೇ ನಿಮಿಷ.

ನನಗೆ ಇದಕ್ಕಿಂತ ಕಾಡೋದು ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿ, 1996ರ ನವೆಂಬರ್ 19. ಪ್ಯಾಸೆಂಜರ್ ಇದ್ದ ಬೀಚ್ 1900 ವಿಮಾನ ಇಳೀತಾ ಇದೆ, ಅದನ್ನ ಕ್ರಾಸ್ ಮಾಡೋ ಇನ್ನೊಂದು ರನ್‌ವೇ ಮೇಲೆ ಕಿಂಗ್ ಏರ್ ಅನ್ನೋ ವಿಮಾನ ನಿಂತಿದೆ. 1900ನವರು ಬುದ್ಧಿವಂತರೇ, ಕೇಳಿದ್ರು, ನೀವು ಅಲ್ಲೇ ನಿಲ್ತೀರೋ ಟೇಕಾಫ್ ಆಗ್ತೀರೋ ಅಂತ. ಉತ್ತರ ಬಂತು, ನಿಂತಿದೀವಿ ಅಂತ. ಆದ್ರೆ ಆ ಉತ್ತರ ಕೊಟ್ಟಿದ್ದು ಕಿಂಗ್ ಏರ್ ಅಲ್ಲ, ಅದರ ಹಿಂದೆ ಸರದಿಗೆ ಕಾಯ್ತಿದ್ದ ಚೆರೋಕಿ ಅನ್ನೋ ಸಣ್ಣ ವಿಮಾನ! ಅದೇ ಟೈಮಿಗೆ 1900 ಕಾಕ್‌ಪಿಟ್ಟಲ್ಲಿ ನೆಲ ಹತ್ರ ಬಂತು ಅಂತ ಎಚ್ಚರಿಸೋ ಗ್ರೌಂಡ್ ವಾರ್ನಿಂಗ್ ಸಿಸ್ಟಮ್ಮಿನ ದನಿ ಅಡ್ಡ ಬಂದು ಮಾತು ಪೂರ್ತಿ ಕೇಳಿಸ್ಲಿಲ್ಲ. ಕಿಂಗ್ ಏರ್ ಬಾಯೇ ಬಿಡದೆ ಹೊರಟ್ತು. ಎರಡೂ ವಿಮಾನ ಸೇರಿ 14 ಜನ, ಒಬ್ರೂ ಉಳೀಲಿಲ್ಲ, 1900ರ ಬಾಗಿಲು ತೆಗೆಯೋಕೇ ಆಗ್ಲಿಲ್ಲ.

ಇದನ್ನ ಹೇಳಿದ್ಮೇಲೆ ಟೆರೇಸ್ ಮೇಲೆ ಒಂದು ರೂಲ್ ಸೇರಿಸಿದೀನಿ, ಯಾರಾದ್ರೂ ಬರೀ "ನಿಂತಿದೀನಿ ಸರ್" ಅಂದ್ರೆ ಅದು ಉತ್ತರಾನೇ ಅಲ್ಲ, ಕಾಲ್‌ಸೈನು, ಯಾವ ರನ್‌ವೇ, ಪೂರ್ತಿ ಹೇಳ್ಬೇಕು, ಕೇಳಿದವನು ಆ ವಿಮಾನವನ್ನ ಕಣ್ಣಲ್ಲಿ ನೋಡೋ ತನಕ ಗೋ ಅರೌಂಡಿಗೆ ರೆಡಿ ಇರ್ಬೇಕು. ಊರ ಹೆಸರು ಕಾಲ್‌ನ ಮೊದ್ಲೂ ಹೇಳಿ, ಕೊನೇಲೂ ಹೇಳಿ ಅಂತಾನೂ ಪೀಡಿಸ್ತೀನಿ, ಯಾಕಂದ್ರೆ 122.8 ತರದ ಫ್ರೀಕ್ವೆನ್ಸಿನ ಅಕ್ಕಪಕ್ಕದ ಎಷ್ಟೋ ಏರ್‌ಪೋರ್ಟುಗಳು ಹಂಚ್ಕೊಂಡಿರ್ತವೆ. ಇಬ್ಬರು ಒಟ್ಟಿಗೆ ಬಟನ್ ಒತ್ತಿದ್ರಂತೂ ಬೇರೆಯವರಿಗೆ ಕಿರ್ ಅಂತ ಕೇಳುತ್ತೆ, ಒತ್ತಿದವರಿಬ್ಬರಿಗೆ ಏನೂ ಗೊತ್ತಾಗಲ್ಲ.

"ಸರ್, ಈಗ ಸ್ಕ್ರೀನಲ್ಲೇ ಟ್ರಾಫಿಕ್ ಕಾಣುತ್ತಲ್ಲ?" ಅಂತ ಕೇಳ್ತಾರೆ. ಕಾಣುತ್ತೆ, ಆದ್ರೆ ತಾನೆಲ್ಲಿದೀನಿ ಅಂತ ಸಿಗ್ನಲ್ ಟ್ರಾನ್ಸ್‌ಮಿಟ್ ಮಾಡೋ ವಿಮಾನ ಮಾತ್ರ ಕಾಣುತ್ತೆ. ರೆಕ್ಕೆ ತಲೆ ಮೇಲಿರೋ ಸೆಸ್ನಾದವನಿಗೆ ಮೇಲಿಂದ ಬರೋನು ಕಾಣಲ್ಲ, ರೆಕ್ಕೆ ಕೆಳಗಿರೋ ಪೈಪರ್‌ನವನಿಗೆ ಕೆಳಗಿರೋನು ಕಾಣಲ್ಲ, ಫೈನಲಲ್ಲಿ ಪೈಪರ್ ಮೇಲೆ, ಸೆಸ್ನಾ ಅದರ ಕೆಳಗೆ ಬಂದ್ರೆ ಇಬ್ಬರಿಗೂ ರನ್‌ವೇ ಖಾಲಿನೇ. ಅದಕ್ಕೆ ಬೇಸ್‌ಗೆ ತಿರುಗೋ ಮುಂಚೆ ಕತ್ತು ತಿರುಗಿಸಿ ಫೈನಲ್ ಪೂರ್ತಿ ನೋಡಿಲ್ಲ ಅಂದ್ರೆ ಆ ರೌಂಡ್ ಕ್ಯಾನ್ಸಲ್, ವಾಪಸ್ ನೀರಿನ ಟ್ಯಾಂಕ್ ಹತ್ರದಿಂದ ಶುರು ಮಾಡಿಸ್ತೀನಿ.

ಮುಂದಿನ ಬ್ಯಾಚಿಗೆ ಎರಡು ರನ್‌ವೇ ಕ್ರಾಸ್ ಆಗೋ ತರ ಗೆರೆ ಹಾಕಿ ಕ್ವಿನ್ಸಿನೇ ನಡೆಸ್ಬೇಕು ಅಂತಿದೀನಿ, ಟೆರೇಸ್ ಸಾಲಲ್ಲ. ವಿದ್ಯಾನಗರದ ಹತ್ರ ಯಾರದ್ದಾದ್ರೂ ಖಾಲಿ ಸೈಟ್ ಇದ್ರೆ ಭಾನುವಾರ ಬೆಳಿಗ್ಗೆ ಒಂದೆರಡು ಗಂಟೆ ಕೊಡಿ, ಸುಣ್ಣ ನಾನೇ ತರ್ತೀನಿ.